ಪ್ಲೇನರ್ ಹೆಡ್‌ಫೋನಿನಲ್ಲಿ ಮಂದ್ರದ ಹದ

ಕೇಳುಗರಿಗೆ ನಮಸ್ಕಾರ.

ಈಗ ನಿಮ್ಮ ಕಿವಿಗೆ ಬೀಳುತ್ತಿರುವ ನನ್ನ ದನಿಯ ತಳ ಸುಮಾರು 110 ಹರ್ಟ್ಜ್. ಅಂದರೆ ನನ್ನ ಗಂಟಲಿನ ತಂತುಗಳು ಸೆಕೆಂಡಿಗೆ ಅಷ್ಟು ಸಲ ಅದುರುತ್ತಿವೆ. ನೀವು ಅಂಗೈಯಗಲದ ರೇಡಿಯೊದಲ್ಲೋ ಮೊಬೈಲಿನಲ್ಲೋ ಕೇಳುತ್ತಿದ್ದರೆ ಆ ತಳ ನಿಮ್ಮನ್ನು ತಲುಪುತ್ತಲೇ ಇಲ್ಲ ಎನ್ನಬಹುದು. ಅದರ ಮೇಲಿನ 220, 330, 440ರ ಕಂಪನಗಳು ತಲುಪುತ್ತವೆ. ಅವುಗಳ ನಡುವಿನ ಅಂತರವನ್ನು ಹಿಡಿದು ಮಿದುಳು ಇಲ್ಲದ ತಳವನ್ನು ತಾನೇ ಕಟ್ಟಿಕೊಳ್ಳುತ್ತದೆ. ಮಾತಿಗೆ ಈ ಏರ್ಪಾಡು ಸಾಕು, ಸಂಗೀತಕ್ಕೆ ಸಾಲದು. ಬೇಸ್ ಗಿಟಾರಿನ ದಪ್ಪ ತಂತಿಯನ್ನು ಬಿಟ್ಟ ಕೈಯಲ್ಲಿ ಮೀಟಿದರೆ ಬರುವ ಸ್ವರ 41 ಹರ್ಟ್ಜ್. ಐದು ತಂತಿಯ ಬೇಸ್ ಆದರೆ 31. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಹೊರತಂದ ಟಿಆರ್-808 ಎಂಬ ತಾಳಯಂತ್ರದ ಕಿಕ್ ಡ್ರಮ್ 50 ಹರ್ಟ್ಜ್ ಆಸುಪಾಸಿನಲ್ಲಿ ಗುಂಯ್ಗುಡುತ್ತದೆ. ಇವತ್ತಿನ ಹಿಪ್‌ಹಾಪ್ ಅದರ ಮೇಲೆಯೇ ಕಾಲೂರಿ ನಿಂತಿದೆ. ನಾನು ಇಂದು ಮಾತನಾಡಬೇಕೆಂದಿರುವುದು ನನ್ನ ದನಿಗೂ ಕೆಳಗಿರುವ ಈ ಮಂದ್ರದ, ಅಂದರೆ ಬೇಸ್‌ನ ಬಗ್ಗೆ, ಅದನ್ನು ಓಪನ್ ಬ್ಯಾಕ್ ಪ್ಲೇನರ್ ಎಂಬ ಜಾತಿಯ ಹೆಡ್‌ಫೋನಿನಲ್ಲಿ ಹದವಾಗಿ ಕೇಳುವ ಬಗ್ಗೆ.

ನನ್ನನ್ನು ಈ ದಾರಿಗೆ ಹಚ್ಚಿದ್ದು ಜಮೈಕಾದ ಡಬ್ ಸಂಗೀತ. 1970ರ ದಶಕದ ಕಿಂಗ್‌ಸ್ಟನ್ ನಗರದಲ್ಲಿ ಕಿಂಗ್ ಟಬ್ಬಿ ಎಂದು ಹೆಸರಾದ ಆಸ್ಬೋರ್ನ್ ರಡಾಕ್ ಎಂಬವರಿದ್ದರು. ಎಲೆಕ್ಟ್ರಾನಿಕ್ಸ್ ದುರಸ್ತಿ ಅವರ ಕಸುಬು, ಆಂಪ್ಲಿಫೈಯರುಗಳನ್ನು ತಾವೇ ಕಟ್ಟುತ್ತಿದ್ದರು. ಮುಗಿದ ಹಾಡನ್ನು ಮತ್ತೆ ಮಿಕ್ಸಿಂಗ್ ಮೇಜಿಗೆ ತಂದು, ಗಾಯಕನ ದನಿಯನ್ನು ಹಿಂದೆ ಸರಿಸಿ, ಡ್ರಮ್ ಮತ್ತು ಬೇಸನ್ನು ಮುಂದೆ ನಿಲ್ಲಿಸಿದರು. ಆ ಸಂಗೀತದಲ್ಲಿ ಪಲ್ಲವಿ ಹಾಡುವುದೇ ಬೇಸ್. ಅದನ್ನು ಬಯಲಿನಲ್ಲಿ ಆಳೆತ್ತರದ ಸ್ಪೀಕರುಗಳ ಮುಂದೆ ನಿಂತು ಎದೆಯಲ್ಲಿ ಕೇಳಬೇಕು. ಎರಡನೆಯ ಮಹಡಿಯ ಬಾಡಿಗೆ ಮನೆಯಲ್ಲಿ, ಗೋಡೆಯಾಚೆ ಪರೀಕ್ಷೆಗೆ ಓದುವ ಮಕ್ಕಳಿರುವಾಗ, ಹೆಡ್‌ಫೋನ್ ಬಿಟ್ಟರೆ ಬೇರೆ ದಾರಿಯಿಲ್ಲ.

ನಮಗೆ ಪರಿಚಿತವಾದ ಹೆಡ್‌ಫೋನುಗಳಲ್ಲಿ ಹೆಚ್ಚಿನವು ಡೈನಮಿಕ್ ಜಾತಿಯವು. ಪುಟ್ಟ ಬಟ್ಟಲಿನಂಥ ಪೊರೆ, ಅದಕ್ಕೆ ಅಂಟಿಸಿದ ತಂತಿಸುರುಳಿ. ಸುರುಳಿ ನೂಕಿದಂತೆ ಪೊರೆ ಮುಂದೆ ಹಿಂದೆ ಆಡುತ್ತದೆ. ಪ್ಲೇನರ್‌ನ ಕಟ್ಟು ಬೇರೆ. ಅಲ್ಲಿ ಪೊರೆ ಚಪ್ಪಟೆ, ಕೂದಲಿಗಿಂತ ಎಷ್ಟೋ ಪಾಲು ತೆಳು. ತಂತಿಯ ಬದಲು ಲೋಹದ ಗೆರೆಗಳನ್ನು ರಂಗೋಲಿಯ ಎಳೆಯಂತೆ ಪೊರೆಯ ತುಂಬ ಓಡಿಸಿರುತ್ತಾರೆ. ಒಂದು ಬದಿಗೋ ಎರಡೂ ಬದಿಗೋ ಅಯಸ್ಕಾಂತದ ಸಾಲು. ವಿದ್ಯುತ್ ಹರಿದಾಗ ಪೊರೆಯ ಮೈಯೆಲ್ಲ ಒಟ್ಟಿಗೆ ಅಲುಗುತ್ತದೆ. ನಡುಭಾಗ ಮುಂದೋಡಿ ಅಂಚು ಹಿಂದುಳಿಯುವ ತೊಂದರೆ ಕಡಿಮೆ, ಆದ್ದರಿಂದ ಜೋರಾದ ಬೇಸಿನಲ್ಲೂ ಸ್ವರ ಕದಡುವುದು ಕಡಿಮೆ. ಇದು ಹೊಸ ಯೋಚನೆಯೇನಲ್ಲ. ಯಮಾಹಾ 1976ರಲ್ಲೇ ಎಚ್‌ಪಿ-1 ಎಂಬ ಇಂಥ ಹೆಡ್‌ಫೋನ್ ತಂದಿತ್ತು, ಅದರ ರೂಪ ಇಟಲಿಯ ವಿನ್ಯಾಸಕಾರ ಮಾರಿಯೊ ಬೆಲ್ಲಿನಿಯವರದು. ಆಮೇಲೆ ಬಹುಕಾಲ ಮೂಲೆಗೆ ಸರಿದಿದ್ದ ಈ ಜಾತಿಗೆ ಮರುಹುಟ್ಟು ಬಂದದ್ದು 2009ರ ಸುಮಾರಿಗೆ, ಅಮೆರಿಕದ ಆಡಿಸ್ ಮತ್ತು ಚೀನಾದ ಹೈಫೈಮನ್ ಕಂಪನಿಗಳಿಂದ.

ಓಪನ್ ಬ್ಯಾಕ್ ಎಂದರೆ ಬಟ್ಟಲಿನ ಬೆನ್ನು ತೆರೆದಿರುವುದು, ಅಲ್ಲಿ ಬರಿಯ ಜಾಲರಿ. ಒಳಗಿನ ಸದ್ದು ಹೊರಗೆ, ಹೊರಗಿನದು ಒಳಗೆ. ಬಸ್ಸಿಗೆ, ಕಚೇರಿಗೆ ಇದು ಆಗದು. ಆದರೆ ಹಿಂದಿನ ಗೋಡೆಗೆ ಬಡಿದು ಮರಳುವ ಸದ್ದು ಇಲ್ಲದ ಕಾರಣ ವಾದ್ಯಗಳು ತಲೆಯಿಂದ ಆಚೆಗೆ ಹರಡಿಕೊಂಡು ಕೇಳುತ್ತವೆ. ಡಬ್‌ನಂಥ ಸಂಗೀತದಲ್ಲಿ ಪ್ರತಿಧ್ವನಿ ದೂರ ಸರಿಯುತ್ತ ಸರಿಯುತ್ತ ಕರಗುವುದನ್ನು ಹಿಂಬಾಲಿಸಲು ಆ ತೆರಪು ಬೇಕೇ ಬೇಕು.

ಬೆನ್ನು ತೆರೆದಿದ್ದರೆ ಬೇಸ್ ಸೋರಿಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಸೋರಿಕೆ ಆಗುವುದು ಬೆನ್ನಿನಿಂದಲ್ಲ, ಕೆನ್ನೆಯ ಬಳಿಯಿಂದ.

ನಾನು ಮೊದಲ ಸಲ ಪ್ಲೇನರ್ ಹೆಡ್‌ಫೋನ್ ಹಾಕಿಕೊಂಡದ್ದು ಒಂದು ಅಂಗಡಿಯಲ್ಲಿ. ನನ್ನ ಕನ್ನಡಕ ಮೂಗಿನ ಮೇಲೇ ಇತ್ತು. ಬೇಸ್ ತೆಳ್ಳಗೆ, ನೀರು ಬೆರೆಸಿದ ಮಜ್ಜಿಗೆಯ ಹಾಗೆ. ಪ್ಲೇನರ್‌ಗಳಲ್ಲಿ ಬೇಸ್ ಇರುವುದೇ ಇಷ್ಟು ಎಂದರು ಅಂಗಡಿಯವರು. ನಂಬಿ ಹಿಂದಿರುಗಿದೆ. ವರ್ಷದ ಮೇಲೆ ಸ್ನೇಹಿತರ ಮನೆಯಲ್ಲಿ ಅದೇ ಮಾದರಿ ಸಿಕ್ಕಿತು. ಕಣ್ಣುಮುಚ್ಚಿ ಕೇಳೋಣವೆಂದು ಕನ್ನಡಕ ತೆಗೆದಿಟ್ಟೆ. ಎರಡನೆಯ ಆವರ್ತದಲ್ಲಿ ಬೇಸ್ ಗಿಟಾರ್ ಕೆಳಗಿಳಿದಾಗ ಕಾಲಡಿಯ ನೆಲವೇ ತಗ್ಗಿದಂತಾಯಿತು. ಮತ್ತೆ ಕನ್ನಡಕ ಹಾಕಿದೆ, ನೆಲ ಮೇಲೆ ಬಂತು. ತೆಗೆದೆ, ಇಳಿಯಿತು. ಆ ವರ್ಷವಿಡೀ ನಾನು ಕಳೆದುಕೊಂಡದ್ದು ಕನ್ನಡಕದ ಕಡ್ಡಿ ಕಿವಿದಿಂಬಿನಡಿ ಎತ್ತಿ ಹಿಡಿದ ಆ ಒಂದು ಸಂದಿನಲ್ಲಿ.

ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಎಷ್ಟು ನಿಧಾನವಾಗಿ ಅದುಮಿದರೂ ಒತ್ತಡ ಬೆರಳಿಗೆ ತಾಗುತ್ತದೆ. ಬೆರಳನ್ನು ಕೊಂಚ ಸಡಿಲಿಸಿ. ರಭಸವಾಗಿ ಅದುಮಿದರೆ ಒತ್ತಡ ಈಗಲೂ ತಾಗುತ್ತದೆ, ನಿಧಾನವಾಗಿ ಅದುಮಿದರೆ ಗಾಳಿ ಸುಮ್ಮನೆ ಜಾರಿಹೋಗುತ್ತದೆ. ಮಂದ್ರವೆಂದರೆ ಆ ನಿಧಾನದ ಅದುಮು. ಕಿವಿಗೂ ಪೊರೆಗೂ ನಡುವಿನ ಪುಟ್ಟ ಕೋಣೆ ಬಿಗಿಯಾಗಿ ಮುಚ್ಚಿದ್ದರೆ ಒಳ್ಳೆಯ ಪ್ಲೇನರ್‌ಗಳು 30 ಹರ್ಟ್ಜ್‌ವರೆಗೂ ಬಾಗದೆ ನೇರವಾಗಿ ಇಳಿಯುತ್ತವೆ. ಸಂದು ಬಿಟ್ಟರೆ ಮೊದಲು ಹೋಗುವುದೇ ಆ ಭಾಗ.

ಹಾಗಾಗಿ ಕೊಳ್ಳುವ ಮೊದಲು ಹೀಗೆ ಪರೀಕ್ಷಿಸಿ. 40 ಹರ್ಟ್ಜ್‌ನ ಶುದ್ಧ ಸ್ವರವನ್ನು ಮೆಲ್ಲನೆಯ ದನಿಯಲ್ಲಿ ಹಾಕಿಕೊಂಡು, ಎರಡು ಬೆರಳಿನಿಂದ ಬಟ್ಟಲುಗಳನ್ನು ಹಗುರವಾಗಿ ಒತ್ತಿ. ಸ್ವರ ದಪ್ಪವಾದರೆ ನಿಮ್ಮ ಮುಖಕ್ಕೆ ಆ ದಿಂಬು ಕೂಡುತ್ತಿಲ್ಲ ಎಂದು ತಿಳಿಯಿರಿ. ಕಿವಿಯ ಹಿಂದೆ, ದವಡೆಯ ಕೆಳಗೆ ಬೆರಳಾಡಿಸಿ ನೋಡಿ, ಸಂದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮೊಟ್ಟೆಯಾಕಾರದ ದೊಡ್ಡ ಬಟ್ಟಲುಗಳಲ್ಲಿ ಕಿರಿದಾದ ಮುಖದವರಿಗೆ ಈ ತೊಂದರೆ ಹೆಚ್ಚು. ಕನ್ನಡಕ ಬಿಡಲಾಗದವರು ತೆಳು ಕಡ್ಡಿಯ ಕನ್ನಡಕ, ಮೆತ್ತನೆಯ ದಿಂಬು ಇವೆರಡನ್ನೂ ನೋಡಿಕೊಳ್ಳಲಿ. ಬಿಗಿಯಾಗಿ ಮುಚ್ಚುವ ಹೆಡ್‌ಫೋನನ್ನು ಒಮ್ಮೆಲೇ ತಲೆಗೆ ಅಪ್ಪಳಿಸಬೇಡಿ. ಸಿಕ್ಕಿಬಿದ್ದ ಗಾಳಿಗೆ ಪೊರೆ ಚರಚರ ಎನ್ನುತ್ತದೆ, ಆ ಸದ್ದು ಕೇಳಿದಾಗ ಜೀವ ಹಿಂಡಿದಂತಾಗುತ್ತದೆ.

ಮಾದರಿಗಳ ಮಾತು. ಕೈಗೆಟಕುವ ಬೆಲೆಯಲ್ಲಿ ಹೈಫೈಮನ್‌ನ ಎಚ್‌ಇ400ಎಸ್‌ಇ ಇದೆ, ಅದರ ಮೇಲೆ ‘ಸುಂದರ’ ಎಂಬ ಹೆಸರಿನ ಮಾದರಿ, ಇನ್ನೂ ಮೇಲೆ ಎಡಿಷನ್ ಎಕ್ಸ್‌ಎಸ್. ಇನ್ನೊಂದು ದಾರಿ ಆಡಿಸ್‌ನ ಎಲ್‌ಸಿಡಿ-2. ಮಂದ್ರದ ತೂಕ ಎಲ್‌ಸಿಡಿ-2ರಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯ. ಆದರೆ ಹೆಡ್‌ಫೋನಿನ ತೂಕವೂ ಹಾಗೆಯೇ, ಅರ್ಧ ಕಿಲೋ ದಾಟುತ್ತದೆ. ಒಂದು ಗಂಟೆಯ ಮೇಲೆ ಕುತ್ತಿಗೆ ಲೆಕ್ಕ ಕೇಳುತ್ತದೆ. ಸುಂದರ 372 ಗ್ರಾಂ. ದಿನವೂ ಕೇಳುವವರಿಗೆ ನಾನು ಹಗುರವಾದದ್ದನ್ನೇ ಹೇಳುವುದು, ಏಕೆಂದರೆ ಕಡಿಮೆ ಬೀಳುವ ಬೇಸನ್ನು ಶ್ರುತಿ ಮಾಡಿ, ಅಂದರೆ ಈಕ್ವಲೈಜರ್ ಎಂಬ ತಂತ್ರಾಂಶದಲ್ಲಿ ಬೇಕಾದ ಆವರ್ತನಗಳನ್ನು ಏರಿಳಿಸಿ, ತುಂಬಿಕೊಳ್ಳಬಹುದು, ತೂಕವನ್ನು ಇಳಿಸಲಾಗದು.

ಇಲ್ಲಿ ಆಂಪ್ಲಿಫೈಯರ್ ಪ್ರಶ್ನೆ ಬರುತ್ತದೆ, ಸ್ವಲ್ಪ ಲೆಕ್ಕ ಹಾಕೋಣ. ಎಚ್‌ಇ400ಎಸ್‌ಇಗೆ ಒಂದು ಮಿಲಿವಾಟ್ ಕೊಟ್ಟರೆ ಬರುವ ಸದ್ದು 91 ಡೆಸಿಬೆಲ್. ಸಂಗೀತದ ಕ್ಷಣಮಾತ್ರದ ಏಟುಗಳು 110ರವರೆಗೆ ಏರಬೇಕೆಂದರೆ 19 ಡೆಸಿಬೆಲ್ ಹೆಚ್ಚು ಬೇಕು, ಅದಕ್ಕೆ ಸುಮಾರು 80 ಮಿಲಿವಾಟ್. ಈಗ ಬೇಸನ್ನು 6 ಡೆಸಿಬೆಲ್ ಏರಿಸಿದಿರಿ ಎನ್ನಿ. 6 ಡೆಸಿಬೆಲ್ ಎಂದರೆ ಶಕ್ತಿ ನಾಲ್ಕು ಪಟ್ಟು, ಅಂದರೆ 320 ಮಿಲಿವಾಟ್. ಫೋನಿಗೆ ಸಿಕ್ಕಿಸುವ, ಒಂದು ವೋಲ್ಟ್ ಕೊಡುವ ಬೆರಳುದ್ದದ ಡಾಂಗಲ್ 32 ಓಮ್‌ನ ಹೆಡ್‌ಫೋನಿಗೆ ಒದಗಿಸುವುದು 31 ಮಿಲಿವಾಟ್ ಮಾತ್ರ. ಮೆಲ್ಲನೆ ಕೇಳುವವರಿಗೆ ಅದೇ ಸಾಕಾಗಬಹುದು. ಬೇಸ್ ಏರಿಸಿ ಕೇಳುವವರಿಗೆ ಮೇಜಿನ ಮೇಲಿಡುವ ಒಂದು ಸಾಧಾರಣ ಆಂಪ್ಲಿಫೈಯರ್ ಬೇಕು. ಸಾಧಾರಣ ಎಂದು ಒತ್ತಿ ಹೇಳುತ್ತೇನೆ. ಪ್ಲೇನರ್‌ನ ವಿದ್ಯುತ್ ನಿರೋಧ ಎಲ್ಲ ಸ್ವರಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಗಾಜಿನ ಕೊಳವೆಗಳಿಂದ ನಡೆಯುವ ವಾಲ್ವ್ ಆಂಪ್ಲಿಫೈಯರ್‌ಗೆ ದುಡ್ಡು ಸುರಿದರೆ ಬೇಸ್ ಉಬ್ಬುತ್ತದೆ ಎಂಬ ಮಾತು ಇಲ್ಲಿ ಸಲ್ಲದು.

ಶ್ರುತಿ ಮಾಡುವುದು ಏಕೆ ಬೇಕು? ಹರ್ಮನ್ ಕಂಪನಿಯ ಸಂಶೋಧಕ ಶಾನ್ ಆಲಿವ್ ಮತ್ತು ಸಂಗಡಿಗರು ಯಾವ ಹೆಡ್‌ಫೋನ್ ಎಂದು ತಿಳಿಯದಂತೆ ಮರೆಮಾಡಿ ಅನೇಕ ಕೇಳುಗರಿಗೆ ಕೇಳಿಸಿ ನೋಡಿದರು. ಹೆಚ್ಚಿನವರು ಮೆಚ್ಚಿದ್ದು ಸುಮಾರು 105 ಹರ್ಟ್ಜ್‌ನಿಂದ ಕೆಳಗೆ ಬೇಸ್ ಕೆಲವು ಡೆಸಿಬೆಲ್ ಎತ್ತರವಿರುವ ಶ್ರುತಿಯನ್ನು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿದಾಗಲೂ ಗೋಡೆಗಳು ಬೇಸನ್ನು ಹೀಗೆಯೇ ಎತ್ತಿ ಕೊಡುತ್ತವೆ. ತೆರೆದ ಬೆನ್ನಿನ ಪ್ಲೇನರ್ ಅಲ್ಲಿ ನೇರವಾಗಿ ನಿಲ್ಲುತ್ತದೆ, ಎತ್ತರಕ್ಕೆ ಏರುವುದಿಲ್ಲ. ಆಳವಿದೆ, ಅಳತೆ ಕಡಿಮೆ. ಅಳತೆಯನ್ನು ಈಕ್ವಲೈಜರ್ ಕೊಡಬಲ್ಲದು, ಆಳವನ್ನು ಕೊಡಲಾರದು. ಆಳವೇ ಇಲ್ಲದ ಹೆಡ್‌ಫೋನಿನಲ್ಲಿ 40 ಹರ್ಟ್ಜ್ ಏರಿಸಿದರೆ ಬರುವುದು ಕದಡಿದ ಸದ್ದು. ಪ್ಲೇನರ್ ಏರಿಕೆಯನ್ನು ಕದಡದೆ ತಾಳಿಕೊಳ್ಳುತ್ತದೆ. ಬೇಸ್‌ಪ್ರಿಯರಿಗೆ ನಾನು ಇದನ್ನು ಹೇಳುವುದು ಈ ಒಂದು ಕಾರಣಕ್ಕೆ.

ವಿಂಡೋಸ್ ಕಂಪ್ಯೂಟರಿಗೆ ಈಕ್ವಲೈಜರ್ ಎಪಿಒ ಎಂಬ ತಂತ್ರಾಂಶ ಸುಲಭವಾಗಿ ಸಿಗುತ್ತದೆ. ಒಂದು ಆವರ್ತನದಿಂದ ಕೆಳಗಿನದನ್ನೆಲ್ಲ ಒಟ್ಟಿಗೆ ಏರಿಸುವ ಲೋ ಶೆಲ್ಫ್ ಎಂಬ ಒಂದೇ ಫಿಲ್ಟರ್ ತೆಗೆದುಕೊಳ್ಳಿ. ಆವರ್ತನ 105 ಹರ್ಟ್ಜ್, ಏರುವ ಇಳಿಜಾರನ್ನು ಹೇಳುವ ಕ್ಯೂ 0.7, ಏರಿಕೆ 3 ಡೆಸಿಬೆಲ್. ಅದರ ಜೊತೆಗೇ ಪ್ರೀಆಂಪ್ ಎಂಬ ಒಟ್ಟು ಮಟ್ಟವನ್ನು ಅಷ್ಟೇ ಇಳಿಸಿ, ಮೈನಸ್ 3. ಇಳಿಸದಿದ್ದರೆ ಡಿಜಿಟಲ್ ಸಂಕೇತದ ತಲೆ ಚಾವಣಿಗೆ ಬಡಿದು ಕಿಕ್ ಡ್ರಮ್ಮಿನ ಏಟು ಹರಿದ ಬಟ್ಟೆಯ ಸದ್ದು ಮಾಡುತ್ತದೆ. ಅನೇಕರು ತಪ್ಪುವುದು ಈ ಹೆಜ್ಜೆಯಲ್ಲಿ, ಬೈಯುವುದು ಹೆಡ್‌ಫೋನನ್ನು.

ಇನ್ನು ಏರಿಕೆ ಎಷ್ಟಿರಬೇಕು? ಕಛೇರಿಗೆ ಮುಂಚೆ ಮೃದಂಗ ವಿದ್ವಾಂಸರ ಪಕ್ಕ ಕುಳಿತು ನೋಡಿದವರಿಗೆ ಗೊತ್ತು. ಎಡಗಡೆಯ ಮುಖದ ನಡುವೆ ಕಲಸಿದ ರವೆಯನ್ನು ಅಂಟಿಸುತ್ತಾರೆ. ಚರ್ಮಕ್ಕೆ ಭಾರ ಕೂಡಿದಷ್ಟೂ ನಾದ ಕೆಳಗಿಳಿಯುತ್ತದೆ. ಒಂದು ಚಿಟಿಕೆ ಹಚ್ಚಿ, ತಟ್ಟಿ, ಕಿವಿಗೊಟ್ಟು, ಹೆಚ್ಚಾಯಿತೆನಿಸಿದರೆ ಉಗುರಿನಿಂದ ಕೆರೆದು ತೆಗೆಯುತ್ತಾರೆ. ಚರ್ಮದ ಮೇಲಿನ ಭಾರ ವಾದ್ಯದ ನಾದವನ್ನು ಹೇಗೆ ಹೊಂದಿಸುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು. ಶೆಲ್ಫಿನ ಏರಿಕೆಯನ್ನೂ ಹಾಗೆಯೇ ಚಿಟಿಕೆ ಚಿಟಿಕೆಯಾಗಿ, ಅರ್ಧರ್ಧ ಡೆಸಿಬೆಲ್ ಕೂಡಿಸಿ. ನಿಮಗೆ ಬಾಯಿಪಾಠವಾಗಿರುವ ಒಂದೇ ಹಾಡನ್ನು ಮತ್ತೆ ಮತ್ತೆ ಕೇಳಿ. ಬೇಸಿನ ಸ್ವರಗಳು ಬಿಡಿಬಿಡಿಯಾಗಿ, ಹಾಡಿಕೊಳ್ಳುವಷ್ಟು ಸ್ಪಷ್ಟವಾಗಿ ನಡೆಯುತ್ತಿದ್ದರೆ ಇನ್ನೂ ಕೂಡಿಸಲು ಜಾಗವಿದೆ. ಗಂಡುದನಿ ಗಡಿಗೆಯೊಳಗಿಂದ ಬಂದಂತೆ ಕೇಳತೊಡಗಿದರೆ ಹಿಂದಕ್ಕೆ ಬನ್ನಿ. ಅಥವಾ 200 ಹರ್ಟ್ಜ್ ಬಳಿ ಒಂದೂವರೆ ಡೆಸಿಬೆಲ್ ತಗ್ಗಿಸಿ ನೋಡಿ, ಬೇಸ್ ಉಳಿದುಕೊಂಡು ಮಬ್ಬು ಹರಿಯುತ್ತದೆ. ಶೆಲ್ಫಿನ ಏರಿಕೆಯಲ್ಲಿ ನಾನು ನಿಂತದ್ದು ಐದೂವರೆ ಡೆಸಿಬೆಲ್‌ಗೆ. ಹೋಲಿಸುವಾಗ ಎರಡೂ ಬಾರಿ ಸದ್ದಿನ ಮಟ್ಟ ಒಂದೇ ಇರಲಿ. ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಯಾವಾಗಲೂ ಸಾಕ್ಷಿ ಹೇಳುತ್ತದೆ.

ಕಿವಿಯ ಮಾತು ಬಂತು. ಮೆಲ್ಲನೆ ಕೇಳುವಾಗ ಮಂದ್ರ ನಮಗೆ ಇರುವುದಕ್ಕಿಂತ ಕಡಿಮೆಯಾಗಿ ಕೇಳುತ್ತದೆ, ಅದು ಮನುಷ್ಯನ ಕಿವಿಯ ರಚನೆ. ಅದಕ್ಕಾಗಿ ಒಟ್ಟು ಸದ್ದನ್ನೇ ಏರಿಸುತ್ತ ಹೋಗುವುದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಬೇಸ್ ಕಡಿಮೆಯೆನಿಸಿದರೆ ಶೆಲ್ಫನ್ನು ಒಂದು ಡೆಸಿಬೆಲ್ ಏರಿಸಿ, ಸದ್ದಿನ ಗುಂಡಿಯನ್ನು ಮುಟ್ಟಬೇಡಿ.

ನಮ್ಮ ಹವೆಯಲ್ಲಿ ಇನ್ನೆರಡು ಜೋಪಾನ. ಕೃತಕ ಚರ್ಮದ ದಿಂಬು ಕರಾವಳಿಯ ಬೆವರಿಗೆ ಬೇಗ ಸುಲಿಯುತ್ತದೆ, ಸುಲಿದ ದಿಂಬು ಸೋರುತ್ತದೆ. ಬದಲಿಸುವಾಗ ಮೂಲದಂಥದ್ದನ್ನೇ ಹಾಕಿ, ದಿಂಬಿನ ದಪ್ಪವೂ ತೂತುಗಳೂ ಬೇಸನ್ನು ಬದಲಿಸುತ್ತವೆ. ಎರಡನೆಯದು, ಬಟ್ಟಲಿನಲ್ಲಿ ಅಯಸ್ಕಾಂತಗಳ ಸಾಲಿದೆ ಎಂಬುದು ನೆನಪಿರಲಿ, ಕಬ್ಬಿಣದ ಪುಡಿಯಿರುವ ಮೇಜಿನ ಮೇಲೆ ಮಗುಚಿ ಇಡಬೇಡಿ. ಒಂದು ದಿನ ಇದ್ದಕ್ಕಿದ್ದಂತೆ ಬಲಗಿವಿಯಲ್ಲಿ ಬೇಸ್ ಬಂದಾಗಲೆಲ್ಲ ಜೀರುಂಡೆಯ ಸದ್ದು ಬಂದರೆ ಗಾಬರಿಯಾಗಬೇಡಿ. ದಿಂಬು ತೆಗೆದು ದೀಪದ ಬೆಳಕಿಗೆ ಹಿಡಿದು ನೋಡಿ. ಹತ್ತರಲ್ಲಿ ಒಂಬತ್ತು ಸಲ ಒಂದು ತಲೆಗೂದಲು ಒಳಗೆ ಇಳಿದು ಪೊರೆಯನ್ನು ಸವರುತ್ತಿರುತ್ತದೆ.

ಎದೆಗೆ ಬಡಿಯುವ ಬೇಸ್ ಮಾತ್ರ ಇದರಲ್ಲಿ ಸಿಗುವುದಿಲ್ಲ. ಬೀರೇಶ್ವರನ ಜಾತ್ರೆಯಲ್ಲಿ ಹತ್ತಾರು ಡೊಳ್ಳುಗಳ ನಡುವೆ ನಿಂತಾಗ ಪಕ್ಕೆಲುಬು ಅದುರುವುದು ಗಾಳಿಯ ಅಲೆ ಮೈಗೆ ಬಡಿಯುವುದರಿಂದ. ಹೆಡ್‌ಫೋನ್ ಕಿವಿಯನ್ನಷ್ಟೇ ತಲುಪುತ್ತದೆ. ಅದೇ ಬೇಕು ಎನ್ನುವವರು ಡೊಳ್ಳಿನ ಬಳಿಗೇ ಹೋಗಬೇಕು.

ನಾನು ಕೇಳುವುದು ರಾತ್ರಿ ಹತ್ತರ ಮೇಲೆ. ಬೀದಿಯ ಸದ್ದು ತಗ್ಗಿದ ಮೇಲೆ ಮೊದಲು ಫ್ಯಾನ್ ನಿಲ್ಲಿಸುತ್ತೇನೆ. ತೆರೆದ ಬೆನ್ನಿನಿಂದ ಒಳಬರುವ ಅದರ ಗುಂಯ್ ಎಂಬ ಸದ್ದು ಬೇಸಿನ ಮೇಲೆ ಕಂಬಳಿ ಹೊದಿಸಿಬಿಡುತ್ತದೆ. ಕನ್ನಡಕ ತೆಗೆದು ಮೇಜಿನ ಮೇಲಿಡುತ್ತೇನೆ. ಕಿವಿಯ ಸುತ್ತಲಿನ ಕೂದಲನ್ನು ಹಿಂದಕ್ಕೆ ಸರಿಸಿ, ದಿಂಬನ್ನು ಮೆಲ್ಲಗೆ ಕೂರಿಸುತ್ತೇನೆ. ಬೆವರು ಹನಿಯುವಷ್ಟರಲ್ಲಿ ಒಂದು ಹಾಡು ಮುಗಿದಿರುತ್ತದೆ. ಫ್ಯಾನ್ ಹಾಕಲು ಏಳಬೇಕು ಎನ್ನುವಾಗ ಇನ್ನೊಂದು ಹಾಡಿನ ಬೇಸ್ ಶುರುವಾಗಿರುತ್ತದೆ.

ನಮಸ್ಕಾರ.