ನಕ್ಷತ್ರ ಮಿನುಗುವ ಕಣ್ಣು

ಕೇಳುಗರಿಗೆ ನಮಸ್ಕಾರ.

ಜಪಾನಿನ ಚಿತ್ರಕಥೆಯಾದ ಮಾಂಗಾದ ಪುಟ ತಿರುವಿದವರಿಗೆ ಮೊದಲು ಕಾಣುವುದು ಹುಡುಗಿಯ ಕಣ್ಣು, ಮುಖದ ಅರ್ಧವನ್ನೇ ನುಂಗಿದಂತಿರುವ, ಪಾಪೆಯೊಳಗೆ ನಕ್ಷತ್ರ ಮಿನುಗುವ ಕಣ್ಣು. ಅದು ಅಮೆರಿಕದ ಕಾರ್ಟೂನುಗಳಿಂದ ಬಂದ ಎರವಲು ಎನ್ನುವ ಮಾತು ಪೂರ್ತಿ ಸುಳ್ಳಲ್ಲ. ಆದರೆ ಹುಡುಗಿಯರ ಮಾಂಗಾದ ಮಟ್ಟಿಗೆ ಆ ಕಣ್ಣಿನ ತವರು ಬೇರೆಯೇ ಇದೆ.

1899ರಲ್ಲಿ ಜಪಾನ್ ಸರ್ಕಾರವು ಪ್ರತಿ ಪ್ರಾಂತದಲ್ಲೂ ಹೆಣ್ಣುಮಕ್ಕಳ ಪ್ರೌಢಶಾಲೆ ಇರಬೇಕೆಂದು ಆಜ್ಞೆ ಹೊರಡಿಸಿತು. ಒಳ್ಳೆಯ ಮಡದಿಯರನ್ನೂ ವಿವೇಕವುಳ್ಳ ತಾಯಂದಿರನ್ನೂ ತಯಾರಿಸುವುದು ಅದರ ಉದ್ದೇಶವಾಗಿತ್ತು. ಆದರೆ ಬಾಲ್ಯಕ್ಕೂ ಮದುವೆಗೂ ನಡುವೆ ಹೀಗೆ ದೊರೆತ ನಾಲ್ಕಾರು ವರ್ಷಗಳ ಬಿಡುವಿನಲ್ಲಿ, ಮಡದಿಯೂ ಅಲ್ಲದ ತಾಯಿಯೂ ಅಲ್ಲದ 'ಶೋಜೋ' ಎಂಬ ಹುಡುಗಿ ಹುಟ್ಟಿಕೊಂಡಳು. ಅವಳಿಗಾಗಿಯೇ 1908ರಲ್ಲಿ 'ಶೋಜೋ ನೋ ತೋಮೋ' ಎಂಬ ಪತ್ರಿಕೆಯೂ ಹುಟ್ಟಿತು.

1930ರ ದಶಕದಲ್ಲಿ ಆ ಪತ್ರಿಕೆಯ ಮುಖಪುಟಗಳನ್ನು ಬರೆದ ನಕಹಾರಾ ಜುನಿಚಿ ಮೊದಲು ಗೊಂಬೆ ಮಾಡುತ್ತಿದ್ದ ಕಲಾವಿದ. ಅವರ ಹುಡುಗಿಯರಲ್ಲೂ ಗೊಂಬೆಯ ಗುಣವೇ ಇದೆ: ನೀಳವಾದ ಕೊರಳು, ಮೊಗ್ಗಿನಷ್ಟು ಬಾಯಿ, ದಟ್ಟ ರೆಪ್ಪೆಗಳ ಕೆಳಗೆ ಎಲ್ಲೋ ದೂರ ನೆಟ್ಟ ದೊಡ್ಡ ಕಣ್ಣು. ಗಂಡಸೊಬ್ಬ ಕಟ್ಟಿದ ಈ ಆದರ್ಶ ಹೆಣ್ಣು ಕೈಲಾಗದ ಚೆಲುವೆಯಷ್ಟೇ ಎಂದು ತಳ್ಳಿಹಾಕುವುದು ಸುಲಭ. ಆದರೆ 1940ರಲ್ಲಿ ಸೇನೆಯ ಒತ್ತಡದಿಂದ ಅವರ ಚಿತ್ರಗಳು ಪತ್ರಿಕೆಯಿಂದ ಮರೆಯಾದವು. ಯುದ್ಧಕ್ಕೆ ಹೊರಟಿದ್ದ ನಾಡಿಗೆ ಯಾವ ಕೆಲಸಕ್ಕೂ ಬಾರದೆ ಕನಸು ಕಾಣುವ ಹುಡುಗಿ ಬೇಡವಾಗಿದ್ದಳು. ಆ ನಿರುಪಯೋಗವೇ ಅವಳ ಬಲವಾಗಿತ್ತೆಂದು ನನಗನಿಸುತ್ತದೆ.

ಯುದ್ಧಾನಂತರ ಈ ಚೆಲುವಿಗೆ ಇನ್ನೊಂದು ಧಾರೆ ಕೂಡಿತು. ಗಂಡುಪಾತ್ರಗಳನ್ನೂ ಹೆಂಗಸರೇ ಆಡುವ ತಕರಾಜುಕಾ ನಾಟಕ ಮಂಡಳಿಯ ಊರಿನಲ್ಲಿ ಬೆಳೆದ ಮಾಂಗಾ ಕಲಾವಿದ ತೆಜುಕಾ ಒಸಾಮು, 1953ರಲ್ಲಿ 'ರಿಬೋನ್ ನೋ ಕಿಶಿ' ಎಂಬ ಹುಡುಗಿಯರ ಮಾಂಗಾ ಆರಂಭಿಸಿದರು. ಅದರ ನಾಯಕಿ ಸಫೈರ್‌ಳಿಗೆ ಗಂಡಿನದೊಂದು, ಹೆಣ್ಣಿನದೊಂದು, ಹೀಗೆ ಎರಡು ಹೃದಯ. 1972ರಲ್ಲಿ ಇಕೆಡಾ ರಿಯೋಕೋ ಎಂಬ ಲೇಖಕಿ, ಗಂಡುಮಗನಂತೆ ಬೆಳೆದು ಫ್ರಾನ್ಸಿನ ಅರಮನೆಯ ಕಾವಲುಪಡೆ ಸೇರುವ ಆಸ್ಕರ್ ಎಂಬ ಹೆಣ್ಣನ್ನು ಚಿತ್ರಿಸಿದರು. ಮೈಮೇಲೆ ಸೈನಿಕನ ಉಡುಪು, ಕಣ್ಣಲ್ಲಿ ಮಾತ್ರ ಅದೇ ನಕ್ಷತ್ರ.

1974ರಲ್ಲಿ ಆ ಕಥೆಯನ್ನು ತಕರಾಜುಕಾ ರಂಗಕ್ಕೆ ತಂದಿತು. ನಿರ್ದೇಶಿಸಿದವರು ಹಸೆಗಾವಾ ಕಜುವೊ, ಗಂಡಸರೇ ಹೆಣ್ಣುಪಾತ್ರಗಳನ್ನೂ ಆಡುವ ಜಪಾನಿನ ಸಾಂಪ್ರದಾಯಿಕ ರಂಗಕಲೆ ಕಬುಕಿಯ ಸ್ತ್ರೀವೇಷದಲ್ಲಿ ಪಳಗಿದ ನಟ. ಆಸ್ಕರ್ ಪಾತ್ರದ ನಟಿಯ ಕಣ್ಣಲ್ಲಿ ನಕ್ಷತ್ರ ಮೂಡಬೇಕಾದರೆ ರಂಗದೀಪ ಅಲ್ಲಿ ಪ್ರತಿಫಲಿಸಬೇಕಲ್ಲ! ಅದಕ್ಕಾಗಿ ಮಹಡಿಯ ಯಾವ ಆಸನದಿಂದ ಕೆಳಗಿನ ಯಾವ ಆಸನಕ್ಕೆ ನೋಟ ಜಾರಿಸಬೇಕೆಂದು, ಆಸನಗಳ ಸಂಖ್ಯೆ ಸಮೇತ ಅವರು ಹೇಳಿಕೊಟ್ಟರು.