ಮಗನಿಗೆ ಅಪರೂಪದ ಹೆಸರು ಬೇಕಾ? ಎಲ್ಲಿ ಹುಡುಕಬೇಕು, ಹೇಗೆ ಪರೀಕ್ಷೆ ಮಾಡಬೇಕು

[ತೆರೆಯ ಮೇಲೆ: ಕುಪ್ಪಳಿಯ ಕವಿಮನೆ]

ನಮಸ್ಕಾರ. 1938ರ ಸೆಪ್ಟೆಂಬರ್‌ನಲ್ಲಿ ಕುವೆಂಪು ಅವರಿಗೆ ಮೊದಲ ಮಗ ಹುಟ್ಟಿದರು. ಆ ಕಾಲದ ಮಲೆನಾಡಿನಲ್ಲಿ ಹೆಸರುಗಳು ಹೇಗಿದ್ದವು ಅಂತ ತಿಳಿಯಲು ಕುವೆಂಪು ಅವರ ಪೂರ್ತಿ ಹೆಸರೇ ಸಾಕು: ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಊರು, ಅಪ್ಪ, ತಾನು. ಆ ಮನೆತನದ ಮಗುವಿಗೆ ಅವರು ಇಟ್ಟ ಹೆಸರು ಪೂರ್ಣಚಂದ್ರ ತೇಜಸ್ವಿ. ಎರಡನೇ ಮಗನಿಗೆ ಕೋಕಿಲೋದಯ ಚೈತ್ರ.

ಇವತ್ತು ತೇಜಸ್ವಿ ಅನ್ನುವ ಹೆಸರು ನಮಗೆ ಹೊಸದೇನಲ್ಲ. ಎಷ್ಟೋ ಶಾಲೆಗಳ ಹಾಜರಿ ಪುಸ್ತಕದಲ್ಲಿ ಸಿಗುತ್ತದೆ. ಚೈತ್ರ ಅಂದರೆ ಈಗ ಹೆಚ್ಚಿನವರಿಗೆ ಹುಡುಗಿಯ ಹೆಸರು. ಒಂದು ಹೆಸರು ಚೆನ್ನಾಗಿದ್ದರೆ ಇನ್ನೂ ಹತ್ತು ಜನ ಇಟ್ಟೇ ಇಡುತ್ತಾರೆ, ಅಲ್ವಾ? ಹಾಗಾಗಿ "ಪ್ರಪಂಚದಲ್ಲಿ ಯಾರಿಗೂ ಈ ಹೆಸರು ಇರಬಾರದು" ಅನ್ನುವ ಹಠದಿಂದ ಹುಡುಕಾಟ ಶುರು ಮಾಡಬೇಡಿ. ಆ ಹಠ ಗೆಲ್ಲುವುದಿಲ್ಲ. "ಈ ಹೆಸರು ಎಲ್ಲಿಂದ ಬಂತಪ್ಪಾ?" ಅಂತ ಮುಂದೆ ಮಗ ಕೇಳಿದಾಗ ಕೊಡಲು ನಿಮ್ಮ ಹತ್ತಿರ ಒಂದು ಉತ್ತರ ಇರಬೇಕು. ಈ ವಿಡಿಯೋದಲ್ಲಿ ನಾನು ಹೇಳಲು ಬಂದಿರುವುದು ಇದನ್ನೇ.

[ತೆರೆಯ ಮೇಲೆ: ಫೋನಿನಲ್ಲಿ ಹೆಸರುಗಳ ಆ್ಯಪ್]

ಈಗ ಏನಾಗುತ್ತಿದೆ? ಮಗು ಹುಟ್ಟುವ ಮುಂಚೆಯೇ ಫೋನಿಗೆ ಆ್ಯಪ್ ಬರುತ್ತದೆ. ಅಪರೂಪದ ಹೆಸರುಗಳು ಅಂತ ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ನಿಮ್ಮ ಹಾಗೇ ಸಾವಿರಾರು ಜನ ನೋಡುತ್ತಿರುತ್ತಾರೆ. ನರ್ಸರಿಗೆ ಸೇರಿಸುವ ಹೊತ್ತಿಗೆ ಒಂದೇ ತರಗತಿಯಲ್ಲಿ ಆರವ್, ಅಯಾನ್, ವಿಹಾನ್, ರಿಯಾನ್. ಎಲ್ಲವೂ ಒಂದೇ ರಾಗ. ಟೀಚರ್ ಒಬ್ಬನನ್ನು ಕರೆದರೆ ನಾಲ್ಕು ಜನ ತಿರುಗಿ ನೋಡುತ್ತಾರೆ.

ಇನ್ನೊಂದು ವಿಷಯ ನನಗೆ ನಿಜವಾಗಿಯೂ ಬೇಸರ ತರುತ್ತದೆ. ಆ ಪಟ್ಟಿಗಳಲ್ಲಿ ಹೆಸರಿನ ಮುಂದೆ ಅರ್ಥ ಅಂತ ಏನನ್ನಾದರೂ ಬರೆದಿರುತ್ತಾರೆ. ವಿಷ್ಣುವಿನ ಅಂಶ, ಸೂರ್ಯನ ಕಿರಣ, ದೇವರ ಕೊಡುಗೆ. ಯಾವ ಭಾಷೆ, ಯಾವ ಧಾತು ಅಂತ ಹೇಳುವುದಿಲ್ಲ. ಅರ್ಥ ಮುಖ್ಯ ಅಂತ ನಿಮಗೆ ಅನ್ನಿಸಿದರೆ ನಿಘಂಟು ತೆಗೆದು ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಇದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟು ಇದೆ. ಹೆಸರಿನ ಅರ್ಥ ಅಲ್ಲಿ ಸಿಗದಿದ್ದರೆ, ಸಂಸ್ಕೃತ ಬಲ್ಲವರನ್ನೂ ಒಂದು ಮಾತು ಕೇಳಿ. ಮಗನಿಗೆ ಇಲ್ಲದ ಅರ್ಥವನ್ನು ಹೇಳಿ ಬೆಳೆಸುವುದು ಬೇಡ.

[ತೆರೆಯ ಮೇಲೆ: ಹಳ್ಳಿಯ ಕಟ್ಟೆ, ಕೂತಿರುವ ಹಿರಿಯರು]

ವಿಚಿತ್ರವಾದ ಹೆಸರು ಇಡುವುದು ಈ ಕಾಲದ ಹುಚ್ಚು ಅಂತ ಹಿರಿಯರು ಬೈಯುತ್ತಾರೆ. ಆದರೆ ನಮ್ಮ ಕಡೆ ಅದು ಬಹಳ ಹಳೆಯದು. ತಿಪ್ಪಣ್ಣ, ಹುಚ್ಚಪ್ಪ, ಕಲ್ಲಪ್ಪ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ, ಮುಂದಿನ ಮಗು ಹುಟ್ಟಿದಾಗ ಅದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಳ್ಳುತ್ತಿದ್ದರು. ಯಾರಿಗೂ ಬೇಡದ ಮಗು ಅಂತ ತೋರಿಸಿದರೆ ಸಾವು ಕೂಡ ತಿರುಗಿ ನೋಡುವುದಿಲ್ಲ ಅನ್ನುವ ನಂಬಿಕೆ. ಆ ಹೆಸರಿನ ಹಿಂದೆ ಇದ್ದದ್ದು ತಾಯಿಯ ಭಯ. ಎಲ್ಲಾ ತಿಪ್ಪೇಸ್ವಾಮಿಗಳ ಕಥೆಯೂ ಇದಲ್ಲ. ಚಿತ್ರದುರ್ಗದ ಕಡೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿಯಿಂದ ಬಂದ ಹೆಸರುಗಳೇ ಜಾಸ್ತಿ.

ತುಳುನಾಡಿನಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತಿತ್ತು. ಭಾನುವಾರ ಹುಟ್ಟಿದರೆ ಐತ. ಮಂಗಳವಾರ ಅಂಗರ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ. ಕೊರಗಜ್ಜನ ಮೊದಲಿನ ಹೆಸರು ತನಿಯ ಅಂತಲೇ ಅಲ್ಲಿನ ಕಥೆ ಹೇಳುತ್ತದೆ. ದುಡಿಯುವ ಜನ ಇಟ್ಟುಕೊಂಡ ಹೆಸರುಗಳು ಅನ್ನುವ ಒಂದೇ ಕಾರಣಕ್ಕೆ ಇವನ್ನು ಕೀಳಾಗಿ ಕಂಡರು. ಮನೆಯವರೂ ನಿಧಾನವಾಗಿ ಬಿಟ್ಟರು. ಎರಡೇ ಅಕ್ಷರ, ಮೂರೇ ಅಕ್ಷರದ ಎಷ್ಟು ಚಂದದ ಹೆಸರುಗಳು ನೋಡಿ. ತನಿಯ ಅಂತ ಯಾರಾದರೂ ಮಗನಿಗೆ ಇಟ್ಟರೆ ನನಗಂತೂ ತುಂಬಾ ಸಂತೋಷ.

[ತೆರೆಯ ಮೇಲೆ: ಬಿಡದಿ ಹತ್ತಿರದ ಭದ್ರಾಪುರ]

ಬಿಡದಿಯ ಹತ್ತಿರ ಭದ್ರಾಪುರ ಅಂತ ಒಂದು ಊರಿದೆ. ಹಕ್ಕಿಪಿಕ್ಕಿ ಸಮುದಾಯದ ಜನ ಅಲ್ಲಿದ್ದಾರೆ. ಅಲ್ಲಿ ಗೂಗಲ್ ಇದ್ದಾನೆ, ಹೈಕೋರ್ಟ್ ಇದ್ದಾರೆ, ಕಾಫಿ, ಮೈಸೂರ್ ಪಾಕ್ ಕೂಡ ಇದ್ದಾರೆ. ಪೇಪರ್‌ನವರು, ಟಿವಿಯವರು ಹೋಗಿ ನಕ್ಕು ಬಂದಿದ್ದಾರೆ. ನಗುವಂಥದ್ದು ಅದರಲ್ಲಿ ಏನೂ ಇಲ್ಲ. ಕಾಡಿನಲ್ಲಿ ಅಲೆಯುತ್ತಿದ್ದ ಜನ ಊರು, ಪೇಟೆ, ಕೋರ್ಟು, ಕಚೇರಿಗಳ ಹತ್ತಿರ ಬಂದು ನೆಲೆಸಿದರು. ಕಂಡದ್ದು, ಕೇಳಿದ್ದು, ಇಷ್ಟವಾದದ್ದು ಹೆಸರಾಯಿತು. ನಾವು ಮಗನಿಗೆ ಸಾಗರ್, ಆಕಾಶ್ ಅಂತ ಇಡುವುದಿಲ್ಲವೇ? ಕಣ್ಣಿಗೆ ದೊಡ್ಡದಾಗಿ ಕಂಡದ್ದನ್ನು ನಾವೂ ಹೆಸರು ಮಾಡಿಕೊಂಡವರೇ.

ಸರಿ, ಹಾಗಾದರೆ ನಿಮ್ಮ ಮಗನಿಗೆ ಎಲ್ಲಿ ಹುಡುಕುವುದು?

[ತೆರೆಯ ಮೇಲೆ: ಹಲ್ಮಿಡಿ ಶಾಸನ]

ನನ್ನ ಮೊದಲ ಸಲಹೆ ಶಾಸನಗಳು ಮತ್ತು ಹಳೆಯ ಕವಿಗಳು. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಅದರಲ್ಲಿ ಮೃಗೇಶ ಅನ್ನುವ ಹೆಸರಿದೆ, ವಿಜಅರಸ ಅನ್ನುವ ಹೆಸರಿದೆ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟ ಇದ್ದಾನೆ. ಗಂಗರಲ್ಲಿ ದುರ್ವಿನೀತ, ಬೂತುಗ, ರಾಚಮಲ್ಲ. ರಾಷ್ಟ್ರಕೂಟರಲ್ಲಿ ಅಮೋಘವರ್ಷ. ಇವುಗಳಲ್ಲಿ ಅಮೋಘ ಈಗಾಗಲೇ ಮನೆಗಳಿಗೆ ಬಂದಾಗಿದೆ. ಮೃಗೇಶ ಇನ್ನೂ ಅಷ್ಟಾಗಿ ಬಂದಿಲ್ಲ. ದುರ್ವಿನೀತ ದೊಡ್ಡ ರಾಜ, ಆದರೆ ಆ ಹೆಸರನ್ನು ಇಡಬೇಡಿ. ವಿನಯ ಇಲ್ಲದವನು ಅಂತ ಅರ್ಥ ಬರುತ್ತದೆ. ಕನ್ನಡ ಮೇಷ್ಟ್ರು ಪ್ರತಿ ವರ್ಷ ಅದನ್ನೇ ಹೇಳುತ್ತಾರೆ.

ಕವಿಗಳ ಹೆಸರು ಇನ್ನೂ ಚಂದ. ಪಂಪ, ಪೊನ್ನ, ರನ್ನ, ಜನ್ನ. ರತ್ನ ನಮ್ಮ ಬಾಯಲ್ಲಿ ರನ್ನ ಆಯಿತು. ಯಜ್ಞ ಜನ್ನ ಆಯಿತು. ಯಜ್ಞ ಅಂತ ಹೆಸರಿಟ್ಟರೆ ನಾವು ಒಂದು ರೀತಿ ಹೇಳುತ್ತೇವೆ, ಹಿಂದಿಯವರು "ಯಗ್ಯ" ಅನ್ನುತ್ತಾರೆ, ಮರಾಠಿಯವರು ಇನ್ನೊಂದು ರೀತಿ. ಜನ್ನ ಅಂದರೆ ಎಲ್ಲರ ಬಾಯಲ್ಲೂ ಜನ್ನವೇ.

ರನ್ನನ ಬಗ್ಗೆ ಸ್ವಲ್ಪ ಹೇಳಲೇಬೇಕು. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಓದಲು, ಬರೆಯಲು ಆಸೆ ಇತ್ತು. ಚಾವುಂಡರಾಯ ನೆರವಾದ, ಅತ್ತಿಮಬ್ಬೆ ನೆರವಾದಳು. ರನ್ನ ತನ್ನ ಮಗನಿಗೆ ರಾಯ ಅಂತ ಹೆಸರಿಟ್ಟ, ಮಗಳಿಗೆ ಅತ್ತಿಮಬ್ಬೆ ಅಂತ ಇಟ್ಟ. ಸಾವಿರ ವರ್ಷದ ಹಿಂದೆ ಒಬ್ಬ ಕವಿ ತನ್ನ ಕಷ್ಟಕ್ಕಾದವರನ್ನು ಮಕ್ಕಳ ಹೆಸರಿನಲ್ಲಿ ಉಳಿಸಿಕೊಂಡ. ನಿಮ್ಮನ್ನು ಓದಿಸಿದ ಚಿಕ್ಕಪ್ಪ, ಫೀಸು ಕಟ್ಟಿದ ಮೇಷ್ಟ್ರು, ಹೆರಿಗೆಯ ಹೊತ್ತಿನಲ್ಲಿ ಜೊತೆಗೆ ನಿಂತ ನೆರೆಯವರು ಇದ್ದಾರಲ್ಲ, ಅವರ ಹೆಸರನ್ನು ಯೋಚಿಸಿದ್ದೀರಾ?

ಅದೇ ರೀತಿ ಅಜ್ಜ, ಮುತ್ತಜ್ಜನ ಹೆಸರುಗಳು. "ಅಪ್ಪ" ಅಂತ ಕೊನೆಗೆ ಬಂದರೆ ಹಳೇ ಕಾಲದ್ದು ಅಂತ ನಾವು ಕೈಬಿಟ್ಟೆವು. ಕೊಡವರು ಬಿಡಲಿಲ್ಲ. ಕಾರ್ಯಪ್ಪ ಅನ್ನುವ ಹೆಸರಿನವರು 1949ರ ಜನವರಿ 15ರಂದು ದೇಶದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಇಡೀ ಟೆನಿಸ್ ಜಗತ್ತು ಬೋಪಣ್ಣ ಅಂತ ಹೇಳಿತು. ಯಾರಿಗೂ ನಾಲಿಗೆ ತೊಡರಲಿಲ್ಲ. ಮುತ್ತಣ್ಣ, ಚೆಂಗಪ್ಪ ಅಂತ ಪುಟ್ಟ ಮಕ್ಕಳನ್ನು ಕೊಡಗಿನಲ್ಲಿ ಇವತ್ತಿಗೂ ಕರೆಯುತ್ತಾರೆ.

[ತೆರೆಯ ಮೇಲೆ: ತೊಟ್ಟಿಲು ಶಾಸ್ತ್ರ]

ಇನ್ನು ನಕ್ಷತ್ರದ ಅಕ್ಷರ. 27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108. ಮಗು ಆರಿದ್ರಾ ಮೂರನೇ ಪಾದದಲ್ಲಿ ಹುಟ್ಟಿದರೆ ಬರುವ ಅಕ್ಷರ ಙ. ಹಸ್ತಾ ಮೂರನೇ ಪಾದಕ್ಕೆ ಣ. ಈ ಅಕ್ಷರಗಳಿಂದ ಶುರುವಾಗುವ ಹೆಸರು ಯಾರ ಹತ್ತಿರವೂ ಇಲ್ಲ. ಪುರೋಹಿತರೇ ಪಕ್ಕದ ಅಕ್ಷರ ಕೊಡುತ್ತಾರೆ. ಜಾತಕಕ್ಕೆ ಒಂದು ಹೆಸರು, ಕರೆಯಲು ಒಂದು ಹೆಸರು ಅನ್ನುವ ರೂಢಿ ಎಷ್ಟೋ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಹಾಗಾಗಿ ಮನಸ್ಸಿಗೆ ಹಿಡಿಸಿದ ಹೆಸರನ್ನು ಅಕ್ಷರ ಬರಲಿಲ್ಲ ಅಂತ ಬಿಡಬೇಡಿ. ತೊಟ್ಟಿಲಲ್ಲಿರುವ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಗೆ ಎರಡೂ ಹೆಸರು ತಿಳಿಸಿಬಿಡಿ, ಅಷ್ಟೇ. ಸಂಖ್ಯಾಶಾಸ್ತ್ರ ಅಂತ ಇಂಗ್ಲಿಷಿನಲ್ಲಿ ಎರಡು "ಎ", ಕೊನೆಗೊಂದು "ಎಚ್" ಸೇರಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಆ ಹುಡುಗ ಜೀವನಪೂರ್ತಿ ಪ್ರತಿ ಕೌಂಟರ್‌ನಲ್ಲೂ ಸ್ಪೆಲ್ಲಿಂಗ್ ಹೇಳುತ್ತಾ ನಿಲ್ಲಬೇಕು.

[ತೆರೆಯ ಮೇಲೆ: ಒಂದೇ ಹೆಸರು, ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ]

ಹೆಸರು ಒಂದು ಹಂತಕ್ಕೆ ಬಂತು ಅಂದುಕೊಳ್ಳಿ. ಈಗ ಅದನ್ನು ಜೋರಾಗಿ ಕೂಗಿ ನೋಡಿ. ಮಹಡಿಯಿಂದ ಕೆಳಗೆ ಆಡುತ್ತಿರುವ ಹುಡುಗನನ್ನು ಊಟಕ್ಕೆ ಕರೆಯುವ ಹಾಗೆ. ಆಮೇಲೆ ಅಜ್ಜಿಯ ಬಾಯಲ್ಲಿ ಹೇಳಿಸಿ. ಅಜ್ಜಿಗೆ ಬಾರದ ಹೆಸರನ್ನು ಅಜ್ಜಿ "ಪುಟ್ಟ" ಮಾಡಿಬಿಡುತ್ತಾರೆ. ಗೆಳೆಯರು ಅದನ್ನು ಹೇಗೆ ತುಂಡು ಮಾಡುತ್ತಾರೆ ಅಂತಲೂ ಯೋಚಿಸಿ. ಪುಂಡಲೀಕ ಒಳ್ಳೆಯ ಹೆಸರು, ಆದರೆ ಆಟದ ಮೈದಾನದಲ್ಲಿ ಮೊದಲೆರಡು ಅಕ್ಷರವೇ ಉಳಿಯುತ್ತದೆ. ನೀವು ಚೆನ್ನೈನಲ್ಲಿದ್ದರೆ ಪೊನ್ನ ಅನ್ನುವ ಹೆಸರಿನ ಬಗ್ಗೆ ಎರಡು ಸಲ ಯೋಚಿಸಿ. ತಮಿಳಿನಲ್ಲಿ ಹುಡುಗಿಗೆ ಪೊಣ್ಣು ಅನ್ನುತ್ತಾರೆ, ಹುಡುಗರು ಬಿಡುವುದಿಲ್ಲ.

ಇಂಗ್ಲಿಷಿನಲ್ಲಿ ಬರೆದು, ಅದನ್ನು ಗೊತ್ತಿಲ್ಲದವರ ಕೈಯಲ್ಲಿ ಓದಿಸಿ. ದ ಮತ್ತು ಡ, ನ ಮತ್ತು ಣ, ಲ ಮತ್ತು ಳ ಅಲ್ಲಿ ಒಂದೇ ಆಗುತ್ತವೆ. ಕಂಪ್ಯೂಟರ್ ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿದಾಗ ಹೆಸರೇ ಬೇರೆಯಾಗಿ ಬರಬಹುದು. ಆಧಾರ್ ಅರ್ಜಿ ತುಂಬುವಾಗ ಪರದೆಯ ಮೇಲಿನ ಕನ್ನಡ ಸಾಲನ್ನು ಅಕ್ಷರ ಅಕ್ಷರ ಓದಿ, ಆಮೇಲೆ ಒಪ್ಪಿಗೆ ಕೊಡಿ.

[ತೆರೆಯ ಮೇಲೆ: ಜನನ ಪ್ರಮಾಣಪತ್ರ]

ಕೊನೆಯದಾಗಿ ಕಾಗದಪತ್ರ. ಇದು ಈಗ ಮೊದಲಿಗಿಂತ ಮುಖ್ಯ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್, ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಒಂದು ಅಕ್ಷರ ತಪ್ಪಿದರೆ ಎಲ್ಲ ಕಡೆ ತಪ್ಪುತ್ತದೆ.

ಆದರೆ ಗಾಬರಿಯಿಂದ ಹೆಸರು ಬರೆಸಬೇಕಿಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಹೆಸರನ್ನಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಮಾಡಿಸಬಹುದು. ಹನ್ನೆರಡು ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ. ಅಲ್ಲಿಂದ ಮುಂದೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ಅವಸರದಲ್ಲಿ ಯಾರೋ ಕೇಳಿದರು ಅಂತ ಬಾಯಿಗೆ ಬಂದದ್ದನ್ನು ಬರೆಸಬೇಡಿ. ತೊಟ್ಟಿಲು ಶಾಸ್ತ್ರ ಮುಗಿಯಲಿ, ಹೆಸರನ್ನು ಕೆಲವು ದಿನ ಕರೆದು ನೋಡಿ, ಆಮೇಲೆ ಹೋಗಿ ಸೇರಿಸಿ.

ಇನಿಷಿಯಲ್ ವಿಷಯವನ್ನೂ ಆಗಲೇ ತೀರ್ಮಾನಿಸಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಅಡ್ಡಹೆಸರು ಇಲ್ಲ, ಒಂದೇ ಹೆಸರು ಇರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂಟಿ ಹೆಸರು ಇರುವವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಹೇಳಿತು. ಅಮೆರಿಕದ ವೀಸಾದಲ್ಲಿ ಒಂಟಿ ಹೆಸರಿನವರ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಇಷ್ಟು ಪ್ರೀತಿಯಿಂದ ಹುಡುಕಿ ಇಟ್ಟ ಹೆಸರಿಗೆ ಹಾಗಾಗಬಾರದು. ಊರಿನ ಹೆಸರನ್ನೋ ಅಪ್ಪ ಅಮ್ಮನ ಹೆಸರನ್ನೋ ಚುಕ್ಕೆ ಇಟ್ಟು ಒಂದಕ್ಷರ ಮಾಡದೆ ಪೂರ್ತಿ ಬರೆಸಿ. ಜನನ ಪ್ರಮಾಣಪತ್ರದಲ್ಲೂ ಆಧಾರ್‌ನಲ್ಲೂ ಶಾಲೆಯಲ್ಲೂ ಅದೇ ಕ್ರಮದಲ್ಲಿ ಇರಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋದ ಮೇಲೆ ತಿದ್ದಿಸುವುದು ಬಹಳ ಓಡಾಟದ ಕೆಲಸ.

ನಿಮ್ಮ ಮನೆಯ ಮೂರು ತಲೆಮಾರಿನ ಹಿಂದಿನ ಗಂಡಸರ ಹೆಸರುಗಳನ್ನು ಇವತ್ತು ಯಾರನ್ನಾದರೂ ಕೇಳಿ, ಕಾಮೆಂಟ್‌ನಲ್ಲಿ ಊರಿನ ಹೆಸರಿನ ಜೊತೆ ಬರೆಯಿರಿ. ಮುಂದಿನ ವಿಡಿಯೋ ಹೆಣ್ಣುಮಕ್ಕಳ ಹೆಸರಿನ ಬಗ್ಗೆ, ಅದರಲ್ಲಿ ಅತ್ತಿಮಬ್ಬೆಯಿಂದಲೇ ಶುರು ಮಾಡೋಣ.