ಮಾರನೇ ದಿನ ಅವನೇನು ಮಾಡಿದ?

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯ ಮಕ್ಕಳು ಪುಸ್ತಕವನ್ನು ಬಲದಿಂದ ಎಡಕ್ಕೆ ಓದುತ್ತಾ ಕೂತಿದ್ದನ್ನು ನೋಡಿದ್ದೀರಾ? ಹಾಗಿದ್ದರೆ ಅದು ಮಾಂಗಾ, ಜಪಾನಿನ ಚಿತ್ರಕಥೆ. ಅದರಲ್ಲಿ ಕರಾಳ ಪ್ರೇಮಕಥೆಗಳದ್ದೇ ಒಂದು ಜಾತಿ. ಪ್ರೀತಿ ಅಂತ ಶುರುವಾಗಿ ಹಿಂಬಾಲಿಸುವುದು, ಬೆದರಿಸುವುದು, ಕೂಡಿಹಾಕುವುದು, ಕೊನೆಗೆ ಚಾಕು. ಪ್ರೀತಿಯ ಹುಚ್ಚು ನೆತ್ತಿಗೇರಿದ ಹುಡುಗಿಗೆ ಅಲ್ಲಿ 'ಯಾಂಡೆರೆ' ಅಂತ ಹೆಸರೇ ಇದೆ.

ಇಂಥ ಕಥೆ ಕೈಗೆ ಬಂದಾಗ ಒಂದೇ ಪ್ರಶ್ನೆ ಕೇಳಿ. ಆ ಘೋರ ಕೆಲಸ ಮಾಡಿದವನು ಮಾರನೇ ದಿನ ಏನು ಮಾಡಿದ? ಉತ್ತರ ಪುಸ್ತಕದಲ್ಲಿದ್ದರೆ ಅಲ್ಲೊಬ್ಬ ಮನುಷ್ಯ ಇದ್ದಾನೆ. ಇಲ್ಲದಿದ್ದರೆ ಬರೀ ಚಾಕು ಇದೆ.

ಒಶಿಮಿ ಶೂಜೊ ಅವರ 'ಅಕು ನೊ ಹಾನಾ' ತಗೊಳ್ಳಿ. 2009ರಿಂದ 2014ರವರೆಗೆ ಪತ್ರಿಕೆಯಲ್ಲಿ ಬಂತು, ಒಟ್ಟು 11 ಸಂಪುಟ. ಹೆಸರು ಫ್ರೆಂಚ್ ಕವಿ ಬೋದಿಲೇರನ 1857ರ ಕವನ ಸಂಕಲನದ್ದು, ಲಂಕೇಶರು ಕನ್ನಡಕ್ಕೆ ತಂದ 'ಪಾಪದ ಹೂಗಳು'. ಕಥೆ ನಡೆಯುವುದು ಒಶಿಮಿಯವರ ಹುಟ್ಟೂರು ಕಿರ್ಯೂನಲ್ಲಿ. ಕಸುಗಾ ಅನ್ನುವ ಶಾಲಾ ಹುಡುಗ ಈ ಕವನದ ಪುಸ್ತಕವನ್ನು ತರಗತಿಯಲ್ಲೇ ಮರೆತು ಬಂದು, ತರಲು ವಾಪಸ್ ಹೋಗುತ್ತಾನೆ. ತಾನು ಆರಾಧಿಸುವ ಹುಡುಗಿಯ ಆಟದ ಬಟ್ಟೆಯ ಚೀಲ ಅಲ್ಲಿ ಬಿದ್ದಿದೆ. ಕದ್ದುಬಿಡುತ್ತಾನೆ. ಹಿಂದಿನ ಬೆಂಚಿನ ನಾಕಾಮುರಾ ನೋಡಿಬಿಡುತ್ತಾಳೆ. ಅಲ್ಲಿಂದ ಅವನು ಅವಳ ಕೈಗೊಂಬೆ. ಆದರೆ ಒಶಿಮಿ ನಮ್ಮನ್ನು ಕೂರಿಸುವುದು ಕಳ್ಳತನದ ಮುಂದಲ್ಲ, ಮರುದಿನದ ಮುಂದೆ. ಆ ಹುಡುಗ ಬೆವರುತ್ತಾ ಅದೇ ತರಗತಿಯಲ್ಲಿ ಅದೇ ಹುಡುಗಿಯ ಜೊತೆ ಕೂರಬೇಕು!

ನನ್ನ ಚಿತ್ರಕಲಾ ತರಗತಿಯಲ್ಲಿ ನಡೆದದ್ದು ಹೇಳುತ್ತೇನೆ. ಒಬ್ಬ ಹುಡುಗಿ, ಪದವಿ ಎರಡನೇ ವರ್ಷ, ತಾನೇ ಬರೆದ ಚಿತ್ರಕಥೆ ತಂದಳು. ಕೈ ಬಹಳ ಚೆನ್ನಾಗಿದೆ. ಹುಡುಗ ಪ್ರೀತಿಸುತ್ತಾನೆ, ಅವಳು ಒಲ್ಲೆ ಅನ್ನುತ್ತಾಳೆ, ಕೋಣೆಯಲ್ಲಿ ಕೂಡಿಹಾಕುತ್ತಾನೆ, ಕೊಲ್ಲುತ್ತಾನೆ. ಕೊನೆಯ ಎರಡು ಪುಟಕ್ಕೂ ಕೆಂಪು ಶಾಯಿ ಸುರಿದಿದ್ದಳು.

"ಮೇಡಂ, ಭಯ ಆಯ್ತಾ?"

"ಆಯ್ತಮ್ಮ. ಎರಡನೇ ಸಲ ಓದಿದೆ, ಆಗಲಿಲ್ಲ."

ಮುಖ ಸಪ್ಪಗಾಯಿತು. "ಬೆಳಿಗ್ಗೆ ಎದ್ದು ಇವನೇನು ಮಾಡ್ತಾನೆ?" ಅಂತ ಕೇಳಿದೆ. "ಕಥೆ ಮುಗೀತಲ್ಲ ಮೇಡಂ" ಅಂದಳು. "ನಿನಗೆ ಮುಗೀತು, ಅವನಿಗೆ ಮುಗಿದಿಲ್ಲ" ಅಂದೆ. ಸ್ವಲ್ಪ ಗಡಸಾಗಿಯೇ ಅಂದೆ ಅನ್ನಿ.

ಮುಂದಿನ ಭಾನುವಾರ ನಾಲ್ಕು ಪುಟ ತಂದಳು. ಬರೀ ಪೆನ್ಸಿಲ್. ಹುಡುಗ ನೆಲ ಒರೆಸುತ್ತಿದ್ದಾನೆ. ಬಕೆಟ್ಟಿನ ನೀರು ಚೆಲ್ಲಿ ಮತ್ತೆ ತುಂಬುತ್ತಾನೆ, ಮೂರು ಸಲ. ಫೋನ್ ಬರುತ್ತದೆ, ಊರಿಂದ ಅಮ್ಮ. "ತಿಂಡಿ ಆಯ್ತೇನೋ?" ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಹ್ಞೂಂ, ಆಯ್ತಮ್ಮ" ಅನ್ನುತ್ತಾನೆ. ಅಷ್ಟೇ.

ನನಗೆ ಮಾತೇ ಹೊರಡಲಿಲ್ಲ. ಅವನು ಯಾರ ಮಗ, ಎಂಥ ಮನೆಯವನು, ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆ, ಎಲ್ಲ ಆ "ಆಯ್ತಮ್ಮ"ದಲ್ಲಿತ್ತು. ಹುಡುಗಿ ತಾನಾಗಿಯೇ, "ಮೇಡಂ, ಆ ಕೆಂಪು ಪುಟ ತೆಗೆದುಬಿಡ್ಲಾ?" ಅಂದಳು.

ಸಮಯ ಕಡಿಮೆಯಿದೆ. 'ಅಕು ನೊ ಹಾನಾ' 2013ರಲ್ಲಿ ಅನಿಮೆ, ಅಂದರೆ ಜಪಾನಿನ ಅನಿಮೇಷನ್ ಸರಣಿಯಾಯಿತು. ನಿಜವಾದ ನಟರನ್ನು ಚಿತ್ರೀಕರಿಸಿ ಅದರ ಮೇಲೆ ಗೆರೆ ಎಳೆದು ಮಾಡಿದ್ದು. ಮುಖಗಳು ಚೆಂದವಿಲ್ಲ ಅಂತ ಎಷ್ಟೋ ಜನ ಗೊಣಗಿದರು. ನನಗೆ ಆ ಮುಖಗಳೇ ಸರಿ ಅನ್ನಿಸುತ್ತವೆ, ಬೆವರಿದರೆ ಬೆವರಿದ ಹಾಗೇ ಕಾಣುತ್ತವೆ.

ಮತ್ತೆ ಅದೇ ಪ್ರಶ್ನೆ, ಮಾರನೇ ದಿನ ಏನು ಮಾಡಿದ? ಒಶಿಮಿ ಕೊನೆಯ ಸಂಪುಟಗಳನ್ನೆಲ್ಲ ಅದಕ್ಕೇ ಮೀಸಲಿಟ್ಟರು. ಕಸುಗಾ ಬೇರೆ ಊರಿಗೆ ಹೋಗುತ್ತಾನೆ, ತಲೆ ತಗ್ಗಿಸಿಕೊಂಡು ಹೈಸ್ಕೂಲು ಓದುತ್ತಾನೆ, ಪುಸ್ತಕ ಓದುವ ಇನ್ನೊಬ್ಬ ಹುಡುಗಿ ಸಿಗುತ್ತಾಳೆ. ಅವಳನ್ನು ಕರೆದುಕೊಂಡೇ ಸಮುದ್ರದ ದಂಡೆಯ ಊರಿಗೆ ಹೋಗಿ ನಾಕಾಮುರಾಳನ್ನು ಕಾಣುತ್ತಾನೆ. ಅವಳು ಅಮ್ಮನ ಊಟದಂಗಡಿಯಲ್ಲಿ ಕೆಲಸ ಮಾಡುತ್ತಿರುತ್ತಾಳೆ.

ಕೊನೆಯ ಅಧ್ಯಾಯದಲ್ಲಿ ಕಥೆ ಮತ್ತೆ ಮೊದಲಿಗೆ ಹೋಗುತ್ತದೆ, ಈ ಸಲ ನಾಕಾಮುರಾಳ ಕಣ್ಣಿನಿಂದ. ಮೊದಲ ಸಂಪುಟದಲ್ಲಿ ಅವಳು ಮೇಷ್ಟ್ರನ್ನೇ "ಹೊಲಸು ಹುಳ" ಅಂತ ಬೈದಾಗ ನಾನು ಬೆಚ್ಚಿಬಿದ್ದಿದ್ದೆ. ಹನ್ನೊಂದನೆಯದು ಮುಗಿಸಿ, ಅವತ್ತೇ ರಾತ್ರಿ ಆ ಪುಟ ತೆಗೆದು ನೋಡಿದೆ. ಈ ಸಲ ಬೈಗುಳ ಕಿವಿಗೆ ಬೀಳಲೇ ಇಲ್ಲ. ಒಬ್ಬಳೇ ಕೂತ ಹುಡುಗಿ ಕಂಡಳು.

ನಮಸ್ಕಾರ.